ಅತ್ತೆ ಕೂರಬೇಕಾದ ದೋಣಿ

ಕಳೆದ ತಿಂಗಳು ನಮ್ಮ ಮನೆಗೆ ಒಂದು ಕುರ್ಚಿ ಬಂತು. ನನ್ನ ಬೆನ್ನುನೋವಿಗೆಂದು ಹೆಂಡತಿ ಗಿರಿಜ ತರಿಸಿದ್ದು. ದೊಡ್ಡ ಡಬ್ಬದಲ್ಲಿ ಕೈಕಾಲು ಬೇರೆಬೇರೆಯಾಗಿ ಬಂದ ಆ ಕುರ್ಚಿಯ ಜೊತೆಗೆ ಒಂದು ಪುಸ್ತಕವೂ ಇತ್ತು. ಕೂರುವುದಕ್ಕೂ ಪುಸ್ತಕ ಓದಬೇಕಾದ ಕಾಲ ಬಂದಿದೆ, ಸ್ವಾಮಿ. ಬಲಗಡೆಯ ಹಿಡಿ ಎಳೆದರೆ ಸೀಟು ಮೇಲಕ್ಕೆ, ಎಡಗಡೆಯದು ಎಳೆದರೆ ಬೆನ್ನು ಹಿಂದಕ್ಕೆ. ಪುಸ್ತಕ ಓದುವ ಜಾಯಮಾನ ನನ್ನದಲ್ಲ. ಎರಡನ್ನೂ ಒಟ್ಟಿಗೆ ಎಳೆದೆ. ಕುರ್ಚಿ ನನ್ನನ್ನು ಹಲ್ಲು ಕೀಳುವ ಡಾಕ್ಟರರ ಮುಂದೆ ಮಲಗಿಸಿದ ಹಾಗೆ ಅಂಗಾತ ಮಲಗಿಸಿತು. ಅಡುಗೆಮನೆಯಿಂದ ಓಡಿ ಬಂದ ಗಿರಿಜ ಎಬ್ಬಿಸಲಿಲ್ಲ, ಮೊದಲು ಮನಸಾರೆ ನಕ್ಕಳು. ಆಮೇಲೆ, "ನಮ್ಮವ್ವ ಈ ಕುರ್ಚಿ ನೋಡಿದ್ರೆ ಏನಂತಿದ್ಲೋ!" ಅಂದಳು.

ಏನನ್ನುತ್ತಿದ್ದರು ಎಂದು ನನಗೆ ಚೆನ್ನಾಗಿ ಗೊತ್ತು. ಕೂರುವ ವಿಷಯದಲ್ಲಿ ನಮ್ಮ ಅತ್ತೆಯಿಂದ ನಾನು ತಿಂದಷ್ಟು ಮಾತು ಪ್ರಪಂಚದಲ್ಲಿ ಯಾವ ಅಳಿಯನೂ ತಿಂದಿರಲಾರ. ಅದೂ ಯಾರು, ನಾನು! ಪೀಣ್ಯದಲ್ಲಿ ಸೀಟು ಕಾರ್ಖಾನೆ ನಡೆಸುತ್ತಿದ್ದವನು! ಕಾರ್ಖಾನೆ ಎನ್ನುವುದು ಬೋರ್ಡಿನ ಮೇಲಿನ ಮಾತು. ಬೋರ್ಡಿನ ಹಿಂದೆ ಇದ್ದದ್ದು ಒಂದು ಶೀಟಿನ ಶೆಡ್ಡು, ಎರಡು ಹೊಲಿಗೆ ಮಿಷನ್ನು, ಫೋಮ್ ಕತ್ತರಿಸುವ ಒಂದು ಗರಗಸ, ಆರ್ಡರ್ ಅವಸರವಿದ್ದ ದಿನವೇ ತಪ್ಪದೆ ಹೋಗುವ ಕರೆಂಟು. ಆಟೋ, ಟೆಂಪೋ, ಫ್ಯಾಕ್ಟರಿ ಬಸ್ಸುಗಳಿಗೆ ಸೀಟು ಮಾಡಿಕೊಡುತ್ತಿದ್ದೆ. ತೊಂಬತ್ತರ ದಶಕದಲ್ಲಿ ನೀವು ಶಿಫ್ಟ್ ಬಸ್ಸಿನಲ್ಲಿ ಎಲೆಕ್ಟ್ರಾನಿಕ್ ಸಿಟಿಗೋ ವೈಟ್‌ಫೀಲ್ಡಿಗೋ ಹೋಗುತ್ತಿದ್ದವರಾಗಿದ್ದು, ದಾರಿಯಲ್ಲಿ ಸುಖವಾಗಿ ನಿದ್ದೆ ಮಾಡಿದ್ದರೆ ಅದರ ಪುಣ್ಯ ನನಗೆ ಬರಬೇಕು. ನಿದ್ದೆ ಬಾರದೆ ಸೀಟು ಮಾಡಿದವನ ವಂಶ ಜಾಲಾಡಿದ್ದರೆ, ಅದೂ ನನಗೆ ಬಂದು ತಲುಪಿದೆ.

ನಾನು ಈ ಕಸುಬಿಗೆ ಬಂದದ್ದೇ ಒಂದು ತಮಾಷೆ. ನಮ್ಮದು ಪೀಣ್ಯದ ಮಗ್ಗುಲಿನ ಹಳ್ಳಿ. ಈಗ ಆ ಹಳ್ಳಿ ಎಲ್ಲಿ ಎಂದು ಹುಡುಕಿಕೊಂಡು ಹೋದರೆ ಒಂದು ಅರಳಿಕಟ್ಟೆಯೂ ಅದರ ಸುತ್ತ ಲೇತ್ ಮಿಷನ್ನುಗಳೂ ಸಿಕ್ಕುತ್ತವೆ. ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕುರ್ಚಿ, ಕಬ್ಬಿಣದ ಮಡಚುವ ಕುರ್ಚಿ. ಅದು ನಮಗಲ್ಲ, ಬಂದವರಿಗೆ. ನಾವು ಗೋಣಿತಾಟಿನ ಮೇಲೆ ಕೂರುವ ಜನ. ಆ ಕುರ್ಚಿಗೊಂದು ಗುಣವಿತ್ತು. ಕೂತವರು ಸ್ವಲ್ಪ ಮುಂದಕ್ಕೆ ಜರುಗಿದರೆ ಸಾಕು, ತೊಡೆ ಚಿವುಟುತ್ತಿತ್ತು. ಕೈಗಾರಿಕೆಗೆ ನಮ್ಮ ಹೊಲ ಬೇಕೆಂದು ನೋಟೀಸು ಹಿಡಿದು ಬಂದ ಅಧಿಕಾರಿಯನ್ನು ಅದು ಎಷ್ಟು ಜೋರಾಗಿ ಚಿವುಟಿತೆಂದರೆ ಆ ಮನುಷ್ಯ "ಅಯ್ಯಯ್ಯೋ" ಎಂದು ನೋಟೀಸು ಬಿಟ್ಟು ಎದ್ದು ನಿಂತ. ಮಾರನೆಯ ದಿನ ನಮ್ಮಜ್ಜಿ ಕುರ್ಚಿಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದಳು. ಹೊಲ ಹೋಗುವುದು ಹೋಗಿಯೇ ಹೋಯಿತು ಅನ್ನಿ.

ಫೋಮ್ ಎಂಬ ಪದಾರ್ಥವನ್ನು ನಾನು ಮೊದಲು ಕಂಡದ್ದು ಚಿಕ್ಕಪ್ಪನ ಸ್ಕೂಟರಿನ ಸೀಟು ಹರಿದಾಗ. ಹಳದಿ ಬಣ್ಣ, ಮೆತ್ತಗೆ. ಬೇಕರಿಯ ಬನ್ನಿನ ಸೋದರ ಸಂಬಂಧಿ ಇರಬೇಕೆಂದು ಒಂದು ಚೂರು ಕಿತ್ತು ಬಾಯಿಗೆ ಹಾಕಿಕೊಂಡೆ. ಚಿಕ್ಕಪ್ಪ ನೋಡಿಬಿಟ್ಟ. "ಸೀಟ್ ತಿನ್ನೋ ಮುಂಡೇದೆ, ದೊಡ್ಡೋನಾದ್ಮೇಲೆ ಸೀಟ್ ಅಂಗಡೀಲೇ ಕೂತ್ಕೊಂಡು ಸಾಯಿ" ಎಂದು ಬೈದ. ದೊಡ್ಡವರ ಬಾಯಲ್ಲಿ ಬಂದ ಮಾತು ಹುಸಿಯಾಗುವುದಿಲ್ಲ ನೋಡಿ.

ಇನ್ನು ಮಾವನ ವಿಷಯ. ಧಾರವಾಡದ ಕಡೆಯವರು. ಮೂವತ್ತು ವರ್ಷ ಪೀಣ್ಯದ ಒಂದು ದೊಡ್ಡ ಫ್ಯಾಕ್ಟರಿಯಲ್ಲಿ ಫೋರ್‌ಮನ್ ಆಗಿದ್ದರು. ಬೆಂಗಳೂರಿನ ಅನ್ನ ತಿಂದರೂ ಮಾವನ ನಾಲಗೆಯಾಗಲಿ ಅತ್ತೆಯ ನಾಲಗೆಯಾಗಲಿ ತುಮಕೂರು ದಾಟಿ ಈಚೆಗೆ ಬಂದಿರಲಿಲ್ಲ. ನಾನು ಹೆಣ್ಣು ನೋಡಲು ಹೋದಾಗ ಮಾವ ನನ್ನ ಓದು, ಆಸ್ತಿ ಯಾವುದನ್ನೂ ವಿಚಾರಿಸಲಿಲ್ಲ. "ನೀವು ಮಾಡೂ ಸೀಟು ಎಷ್ಟ ವರ್ಷ ತಾಳತಾವ?" ಎಂದು ಕೇಳಿದರು. "ಮೂರು ವರ್ಷ" ಅಂದೆ. ಹತ್ತು ವರ್ಷ ಎಂದು ಬಡಾಯಿ ಕೊಚ್ಚಲಿಲ್ಲ, ಸತ್ಯವಂತ ಹುಡುಗ ಎಂದು ಮೆಚ್ಚಿ ಮಗಳನ್ನು ಕೊಟ್ಟರು. ನಿಜವಾಗಿ ತಾಳುತ್ತಿದ್ದದ್ದು ಎರಡೇ ವರ್ಷ.

ಫ್ಯಾಕ್ಟರಿಯವರು ಮಾವನನ್ನು ಒಮ್ಮೆ ತರಬೇತಿಗೆಂದು ಜರ್ಮನಿಗೆ ಕಳಿಸಿದ್ದರು. ಹೊಸ ಮಿಷನ್ನು ಕಲಿತು ಬನ್ನಿ ಎಂದು ಕಳಿಸಿದರೆ ಈ ಮಹಾನುಭಾವರು ಅಲ್ಲಿನ ಸರೋವರದಲ್ಲಿ ಹಾಯಿದೋಣಿ ನೋಡಿಕೊಂಡು ಬಂದರು. ಅಲ್ಲಿ ಯಾರೋ ಒಬ್ಬ ಮೇಸ್ತ್ರಿ ಭಾನುವಾರ ಇವರನ್ನು ತನ್ನ ಪುಟ್ಟ ದೋಣಿಗೆ ಕರೆದನಂತೆ. ದೋಣಿಯ ಮುಂಭಾಗದಲ್ಲಿ ಒಂದು ಗೂಡಿನಂಥ ಕೋಣೆ. ಒಳಗೆ ಅವನ ಹೆಂಡತಿ ಕಾಫಿ ಕಾಸಿ ಕೊಟ್ಟಳಂತೆ. ಗಂಡಹೆಂಡಿರು ಎದುರುಬದುರು ಕೂತು ಸಂಜೆಯತನಕ ಮಾತಾಡಿದರಂತೆ. "ಭಾಷಾ ಒಂದೂ ತಿಳಿಲಿಲ್ಲ ನೋಡ್ರಿ, ಆದ್ರ ಅವರು ಮಾತಾಡೂದು ನೋಡಿದ್ರ ಹೊಟ್ಟಿ ತುಂಬತಿತ್ತು" ಎಂದು ಮಾವ ಇದನ್ನು ಪ್ರತಿ ಹಬ್ಬಕ್ಕೂ ಹೋಳಿಗೆಯ ಜೊತೆ ಬಡಿಸುತ್ತಿದ್ದರು.

ಆಮೇಲೆ ಸ್ವಯಂನಿವೃತ್ತಿಯ ಕಾಲ ಬಂತು. ಅದಕ್ಕೆ ಬಂಗಾರದ ಹಸ್ತಲಾಘವ ಎಂದು ಹೆಸರಿಟ್ಟಿದ್ದರು. ಕೈಕುಲುಕಿ ಆದ ಮೇಲೆ ಅದೇ ಕೈ ಗೇಟು ತೋರಿಸುತ್ತಿತ್ತು. ಮಾವನ ಜೊತೆಗೆ ಹೊರಬಿದ್ದವರಲ್ಲಿ ಒಬ್ಬರು ಎಸ್‌ಟಿಡಿ ಬೂತ್ ಹಾಕಿದರು. ಇನ್ನೊಬ್ಬರು ಬೀದಿಗೆಲ್ಲ ಕೇಬಲ್ ಟೀವಿ ಎಳೆದರು. ಬುದ್ಧಿವಂತರು ಹೊಸೂರು ರಸ್ತೆಯಲ್ಲಿ ಸೈಟು ಕೊಂಡರು. ನಮ್ಮ ಮಾವ ದೋಣಿ ಕಟ್ಟಿದರು. ಸಮುದ್ರ ಇರುವುದು ಮಂಗಳೂರಿನಲ್ಲಿ, ಇವರ ಮನೆ ಇರುವುದು ಪೀಣ್ಯದ ಹಿಂದಿನ ಬಡಾವಣೆಯಲ್ಲಿ. ಕುಡಿಯುವ ನೀರಿಗೇ ದಿನ ಬಿಟ್ಟು ದಿನ ಟ್ಯಾಂಕರ್ ಕಾಯುವ ಬೀದಿ ಅದು. ಮನೆ ಮಗ್ಗುಲಿನ ಖಾಲಿ ಜಾಗದಲ್ಲಿ ಪ್ಲೈವುಡ್ಡು ಬಾಗಿಸಿ, ಅಂಟು ಕುದಿಸಿ, ಜರ್ಮನಿಯಿಂದ ತಂದ ನಕ್ಷೆಯ ಪ್ರಕಾರ ಅಳತೆ ಒಂದು ಕೂದಲೆಳೆ ತಪ್ಪದಂತೆ ಕಟ್ಟಿದರು. ದಾರಿಯಲ್ಲಿ ಹೋಗುವವರು ಗೇಟಿನ ಹತ್ತಿರ ನಿಂತು, "ಪ್ರಳಯ ಗಿಳಯ ಬರೋದಿದ್ಯಾ ಸಾರ್? ಬಂದ್ರೆ ನಮಗೂ ಒಂಚೂರು ಜಾಗ ಇಡಿ" ಎಂದು ಕೇಳಿ ಹೋಗುತ್ತಿದ್ದರು.

ದೋಣಿಗೆ ಮಾವ ಅತ್ತೆಯ ಹೆಸರನ್ನೇ ಇಟ್ಟು ಮುಂಭಾಗದಲ್ಲಿ ಕೆಂಪು ಬಣ್ಣದಲ್ಲಿ ಬರೆಸಿದರು. ಯಾವ ಹೆಂಡತಿಯಾದರೂ ನಾಚಿ ನೀರಾಗಬೇಕು. ಅತ್ತೆ ಹೊರಗೆ ಬಂದು ನೋಡಿ, "ನನ್ನ ಹೆಸರಿನ ಮ್ಯಾಲ ಮಂದಿ ಕಾಲಿಟ್ಟು ಹತ್ತಬೇಕೇನ್ರೀ?" ಎಂದು ಕೇಳಿ ಒಳಗೆ ಹೋದರು. ಮಾವ ಅವತ್ತೇ ಸೀಮೆಎಣ್ಣೆ ಬಟ್ಟೆ ಹಿಡಿದು ಹೆಸರು ಒರೆಸಿದರು.

ಹೆಸರು ಹೋದರೆ ಹೋಗಲಿ, ಅತ್ತೆ ಬಂದು ಕೂತರೆ ಸಾಕಾಗಿತ್ತು. ಅದೇ ಆಗಲಿಲ್ಲ. ಒಂದೇ ಒಂದು ಸಲ ಸ್ಟೂಲಿಟ್ಟು ಹತ್ತಿ ಆ ಗೂಡಿನೊಳಗೆ ಇಳಿದರು. ಎರಡು ಮಗ್ಗುಲಿಗೂ ಒಂದೊಂದು ಹಲಗೆ ಬೆಂಚು. ಮೇಲೆ ಚಾವಣಿ ಕೈಗೆ ಸಿಗುವಷ್ಟು ತಗ್ಗು. ಎದುರಿಗೆ ಕೂತವರ ಮೊಣಕಾಲು ಇವರ ಮೊಣಕಾಲಿಗೆ ಬಡಿಯುತ್ತಿತ್ತು. ಒರಗೋಣವೆಂದರೆ ದೋಣಿಯ ಗೋಡೆ ಹೊರಕ್ಕೆ ಬಾಗಿಕೊಂಡು ಬೆನ್ನಿಗೆ ಸಿಗುತ್ತಲೇ ಇರಲಿಲ್ಲ. ಅತ್ತೆ ಸ್ಥೂಲ ಶರೀರದವರು, ಮೇಲಾಗಿ ಹಳೆಯ ಟೊಂಕದ ನೋವು. ಚಹಾ ತಣ್ಣಗಾಗುವ ಮೊದಲೇ ಎದ್ದುಬಿಟ್ಟರು, ಎದ್ದ ರಭಸಕ್ಕೆ ತಲೆ ಚಾವಣಿಗೆ ಬಡಿಯಿತು. "ಇದ್ರಾಗ ಮನಷ್ಯಾರು ಕುಂದ್ರತಾರೇನ್ರೀ? ಕೋಳಿ ಕುಂದ್ರತಾವ" ಎಂದು ಇಳಿದವರು ಮತ್ತೆ ಅದರ ಕಡೆ ತಲೆ ಹಾಕಲಿಲ್ಲ.

ಆವತ್ತು ಸಂಜೆ ಮಾವ ನನ್ನ ಶೆಡ್ಡಿಗೆ ಬಂದರು. ಯಾವತ್ತೂ ಬಂದವರಲ್ಲ. ಫೋಮಿನ ರಾಶಿಯ ಮೇಲೆ ಕೂತರು. ಆಮೇಲೆ ಹೇಳಿದರು. "ನೋಡ್ರಿ, ನಾ ಮೂವತ್ತು ವರ್ಷ ಶಿಫ್ಟ್ ಮಾಡಿದೆ. ನಾ ಮನಿಗೆ ಬಂದಾಗ ಅಕಿ ಮಲಗಿರತಿದ್ಲು, ಅಕಿ ಎದ್ದಾಗ ನಾ ಮಲಗಿರತಿದ್ದೆ. ಮೊದಮೊದಲ ಅಕಿ ಏನೇನೋ ಹೇಳಾಕ ಬರತಿದ್ಲು. 'ಆಮ್ಯಾಲ ಹೇಳು' ಅಂತಿದ್ದೆ. ಅಂತಂತ ಅಕಿ ಹೇಳೂದ ಬಿಟ್ಟಳು. ಈಗ ಮನ್ಯಾಗ ಕುಂತ್ರ ಅಕಿಗೆ ಅಡಗಿ, ಟೀವಿ, ಮಂದಿ. ನನ್ನ ಕೂಡ ಮಾತ ಇಲ್ಲ. ನೀರಿನ ಮ್ಯಾಲ ಹೋದ್ರ ಎದ್ದು ಹೋಗಾಕ ಜಾಗಾ ಇರೂದಿಲ್ಲಲ್ಲ, ಅದಕ್ಕ ಕಟ್ಟಿದೆ. ಅಕಿ ಕುಂದ್ರದಿದ್ರ ನಂಗ ಇದು ಯಾತಕ್ಕ?" ವೈಟ್‌ಫೀಲ್ಡ್ ಕಡೆ ಹೊಸದಾಗಿ ರೆಸಾರ್ಟ್ ತೆರೆದಿದ್ದ ಒಬ್ಬ ಆ ದೋಣಿಯನ್ನು ಹುಲ್ಲಿನ ಮೇಲೆ ನಿಲ್ಲಿಸಿ ಜ್ಯೂಸ್ ಕೌಂಟರ್ ಮಾಡುತ್ತೇನೆಂದು ಕೇಳಿದ್ದನಂತೆ. ಯುಗಾದಿಯೊಳಗೆ ಅತ್ತೆ ಕೂರದಿದ್ದರೆ ಅವನಿಗೆ ಕೊಟ್ಟುಬಿಡುವುದೆಂದು ಮಾವ ತೀರ್ಮಾನಿಸಿದ್ದರು. ನಾನು ಅಳತೆ ಟೇಪು ಕೈಗೆತ್ತಿಕೊಂಡು, "ಮಾವ, ಸೀಟಿನ ವಿಷಯ ನನಗೆ ಬಿಡಿ" ಅಂದೆ. ಜಂಬಕ್ಕೇನು ಕಮ್ಮಿ ಇರಲಿಲ್ಲ.

ಮೊದಲನೆಯ ಪ್ರಯತ್ನದಲ್ಲಿ ಲಕ್ಸುರಿ ಬಸ್ಸಿಗೆ ಹಾಕುವ ದಪ್ಪ ಫೋಮ್ ಹಾಕಿದೆ. ಮೆರೂನ್ ಬಣ್ಣದ ರೆಕ್ಸಿನ್ನು, ಅಂಚಿಗೆ ಬಿಳಿ ಪೈಪಿಂಗು. ನೋಡಲು ಮದುವೆ ಮಂಟಪ. ಅತ್ತೆಯನ್ನು ಗಿರಿಜ ಹೇಗೋ ಪುಸಲಾಯಿಸಿ ಕರೆತಂದಳು. ಕೂತರು. ಫೋಮ್ ಅವರನ್ನು ಗೌರವದಿಂದ ಮೇಲೆತ್ತಿ ಹಿಡಿಯಿತು. ಮೊದಲು ಎದ್ದಾಗ ಮಾತ್ರ ತಲೆಗೆ ಬಡಿಯುತ್ತಿದ್ದ ಚಾವಣಿ ಈಗ ಕೂತಾಗಲೂ ಬಡಿಯಿತು. "ಅಳಿಯಂದ್ರ, ಸುಧಾರಣಾ ಆಗೇತಿ. ಈಗ ಏಳೂದ ಬ್ಯಾಡ, ಕುಂತಲ್ಲೇ ಪೆಟ್ಟ ಬೀಳತೈತಿ" ಅಂದರು ಅತ್ತೆ.

ಎರಡನೆಯ ಸಲ ಫೋಮನ್ನು ಅರ್ಧಕ್ಕೆ ಇಳಿಸಿದೆ. ತಲೆ ಉಳಿಯಿತು, ಆದರೆ ಅತ್ತೆಯ ಭಾರಕ್ಕೆ ಫೋಮ್ ಅಪ್ಪಚ್ಚಿಯಾಗಿ ಹಲಗೆ ತಾಗಿತು. "ರೆಕ್ಸಿನ್ ಹೊದ್ದ ಹಲಗಿ ಇದು" ಎಂಬ ಷರಾ ಸಿಕ್ಕಿತು. ಮೂರನೆಯ ಸಲ ಗಟ್ಟಿ ಫೋಮ್ ತಂದು, ಬೆನ್ನಿಗೆ ಓರೆಯಾದ ಒರಗು ಕಟ್ಟಿ, ಅಂಗಡಿಯಲ್ಲಿ ಗಿರಾಕಿಗೆ ಹೇಳುವ ಹಾಗೆ ಬೆನ್ನುಮೂಳೆಯ ಮೇಲೆ ಒಂದು ಸಣ್ಣ ಭಾಷಣ ಮಾಡಿದೆ. ಈ ಸಲ ಅತ್ತೆ ಎದ್ದೇಳಲಿಲ್ಲ. ಮಾವನ ಮುಖ ಅರಳಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಫೋರ್‌ಮನ್ ಬುದ್ಧಿ ಎಲ್ಲಿ ಬಿಡುತ್ತದೆ? ಗಾಳಿ ಬಂದಾಗ ಹಾಯಿದೋಣಿ ಒಂದು ಮಗ್ಗುಲಿಗೆ ವಾಲುತ್ತದೆ, ಅದನ್ನೂ ಟೆಸ್ಟ್ ಮಾಡಿಯೇ ಪಾಸು ಮಾಡಬೇಕು ಎಂದರು. ಲಾರಿ ಜ್ಯಾಕ್ ತರಿಸಿದರು. ಅತ್ತೆ ಒಂದು ಬೆಂಚಿನಲ್ಲಿ, ಮಾವ ಎದುರಿನ ಬೆಂಚಿನಲ್ಲಿ. ನಾನು ಹೊರಗಿನಿಂದ ಜ್ಯಾಕ್ ತಿರುಗಿಸತೊಡಗಿದೆ. ದೋಣಿ ಮೆಲ್ಲಗೆ ವಾಲಿತು. ಹೊಸ ರೆಕ್ಸಿನ್ನು, ಮೇಲೆ ಅತ್ತೆಯ ಇಳಕಲ್ ಸೀರೆ. ಎರಡಕ್ಕೂ ಹೊಂದಾಣಿಕೆಯೇ ಆಗಲಿಲ್ಲ. ಸುಯ್ಯೆಂದು ಜಾರಿದ ಅತ್ತೆ ನೇರ ಮಾವನ ಮಡಿಲಿಗೆ ಹೋಗಿ ಕೂತರು. ಅಷ್ಟು ವರ್ಷದ ಸಂಸಾರದಲ್ಲಿ ಹಾಡುಹಗಲಿನಲ್ಲಿ ಅವರು ಅಷ್ಟು ಹತ್ತಿರ ಬಂದದ್ದು ಅದೇ ಮೊದಲಿರಬೇಕು. ಕಾಂಪೌಂಡಿನ ಮೇಲಿನಿಂದ ನೋಡುತ್ತಿದ್ದ ಅಕ್ಕಪಕ್ಕದವರು ಚಪ್ಪಾಳೆ ತಟ್ಟಿದರು. ಅತ್ತೆಯ ಮುಖ ಮೆರೂನ್ ಆಯಿತು. ಇಳಿದು ಹೋಗಿ ಅಡುಗೆಮನೆ ಬಾಗಿಲು ಹಾಕಿಕೊಂಡರು.

ಯುಗಾದಿ ಹತ್ತಿರ ಬರುತ್ತಿತ್ತು. ಜ್ಯೂಸಿನವನು ಒಂದು ಸಲ ಬಂದು ಟೇಪು ಹಿಡಿದು ಅಳೆದುಕೊಂಡು ಹೋದ. ಅವನು ಹೋದ ಮೇಲೆ ಮಾವ ದೋಣಿಯ ಮೇಲೆ ಟಾರ್ಪಾಲು ಹೊದಿಸಿದರು. ಮಳೆಯ ಸುಳಿವಿರಲಿಲ್ಲ. ನೋಡಲಾಗದೆ ಹೊದಿಸಿದ್ದು.

ಆ ವಾರವೇ ಅತ್ತೆ ನಮ್ಮ ಮನೆಗೆ ಬಂದಿದ್ದರು. ನಮ್ಮ ಹಜಾರದಲ್ಲಿ ನಾನೇ ಮಾಡಿದ ಸೋಫಾ ಇತ್ತು. ಒಳ್ಳೆಯ ಫೋಮ್, ಮನೆಗಲ್ಲವೇ! ಅತ್ತೆ ಟೀವಿ ನೋಡುತ್ತಾ ಅದರ ಮೇಲೆ ಕೂತಿದ್ದರು. ನಾನು ಚಹಾ ಕೊಡಲು ಹೋದವನು ಹಾಗೇ ನಿಂತೆ. ಅತ್ತೆ ಕೂತಿದ್ದದ್ದು ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು. ಕಾಲು ಮೇಲೆ, ಚಪ್ಪಲಿ ಕೆಳಗೆ, ಬೆನ್ನು ಒರಗಿಗೆ ತಾಗಿಯೇ ಇರಲಿಲ್ಲ. ಪಕ್ಕದ ದಿಂಬನ್ನು ಎಳೆದು ಮೊಣಕೈ ಕೆಳಗೆ ಇಟ್ಟುಕೊಂಡಿದ್ದರು. ಟೊಂಕ ನೋವಿನ ಹೆಂಗಸು ಒಂದು ಇಡೀ ಸಿನಿಮಾ ಹಾಗೆ ಕೂತು ಮುಗಿಸಿದ್ದರು. ಇದನ್ನು ನಾನು ಮದುವೆಯಾದಂದಿನಿಂದ ನೋಡುತ್ತಲೇ ಬಂದಿದ್ದೆ.

ಅವರೊಬ್ಬರನ್ನೇ ಅಲ್ಲ. ನನ್ನ ಬಸ್ ಸೀಟುಗಳಿಗೆ ದಿನಾ ಬರುತ್ತಿದ್ದ ದೂರು ಏನು ಗೊತ್ತೇ? ಮುಂದಿನ ಅಂಚಿನಲ್ಲಿ ರೆಕ್ಸಿನ್ ಹರಿಯುತ್ತದೆ ಎಂದು. ಏಕೆ ಹರಿಯುತ್ತದೆ? ಬಸ್ಸು ಎರಡು ಸ್ಟಾಪು ದಾಟುವ ಮುಂಚೆ ಅರ್ಧ ಬಸ್ಸು ಚಪ್ಪಲಿ ಬಿಟ್ಟು ಕಾಲು ಮೇಲಿಟ್ಟುಕೊಂಡಿರುತ್ತದೆ. ಹೆಂಗಸರ ಕಾಲುಂಗುರ, ಗಂಡಸರ ಒಡೆದ ಹಿಮ್ಮಡಿ, ಎಲ್ಲ ನನ್ನ ರೆಕ್ಸಿನ್ನಿನ ಮೇಲೆ. "ಕೂರೋಕ್ ಬರದ ಜನ ಕಣ್ರೀ" ಎಂದು ನಾನು ಊರೆಲ್ಲ ಬೈದುಕೊಂಡು ತಿರುಗುತ್ತಿದ್ದೆ. ಕಾಲು ಮಡಚಿ ಕೂರುವ ನಾಡಿನಲ್ಲಿ ಕಾಲು ಇಳಿಬಿಟ್ಟು ಕೂರುವ ಸೀಟು ಮಾಡಿ ಹೊಟ್ಟೆ ಹೊರೆದುಕೊಂಡವನು ನಾನು, ಬೈಸಿಕೊಂಡವರು ಅವರು! ಜರ್ಮನಿಯ ಆ ಮೇಸ್ತ್ರಿಯ ಹೆಂಡತಿಗೆ ಅಳತೆ ಹಿಡಿದ ಬೆಂಚಿಗೆ ಧಾರವಾಡದ ಹೆಣ್ಣುಮಗಳನ್ನು ಒಗ್ಗಿಸಲು ಮೂರು ಸಲ ಹೆಣಗಿದ್ದೆವು, ಫೋರ್‌ಮನ್ನೂ ಸೀಟು ತಜ್ಞನೂ ಸೇರಿ.

ಮಾವನ ಮನೆಗೆ ಹೋದವನೇ, "ಬೆಂಚು ಕಿತ್ತು ಹಾಕೋಣ ಮಾವ" ಅಂದೆ. ಮಾವ ಹೌಹಾರಿದರು. "ನಕ್ಷಾದಾಗ ಬೆಂಚ್ ಐತಲ್ರೀ!" "ನಕ್ಷೇಲಿ ಅತ್ತೆ ಇದ್ದಾರಾ ಮಾವ?" ಅಂದೆ. ಮಾವ ನಕ್ಷೆ ಬಿಡಿಸಿದರು, ಮತ್ತೆ ಮಡಚಿದರು, ಕೊನೆಗೆ ಒಳಗಿನಿಂದ ಸುತ್ತಿಗೆ ತಂದು ನನ್ನ ಕೈಗೆ ಕೊಟ್ಟು ತಾವು ಬೆನ್ನು ತಿರುಗಿಸಿ ನಿಂತರು. ಬೆಂಚು ಕಿತ್ತು, ನೆಲದಿಂದ ಸ್ವಲ್ಪವೇ ಮೇಲಕ್ಕೆ ಗೋಡೆಯಿಂದ ಗೋಡೆಗೆ ಒಂದೇ ಜಗಲಿಯ ಹಾಗೆ ಪಟ್ಟಿ ಹೊಡೆದೆವು. ಕೆಳಗಿನ ತೇವ ಮೇಲೆ ಹತ್ತದಂತೆ ಪಟ್ಟಿಗಳ ನಡುವೆ ಸಂದು ಬಿಟ್ಟೆವು. ಚಾವಣಿ ತಾನಾಗಿಯೇ ಎತ್ತರವಾಯಿತು, ಮೊಣಕಾಲುಗಳ ಜಗಳ ತೀರಿತು.

ಅದರ ಮೇಲೆ ಏನು ಹಾಸುವುದು ಎಂಬಲ್ಲಿ ನನ್ನ ಮಾನ ಹೋಯಿತು. ನಾನು ಫೋಮ್ ಎಂದು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅಡುಗೆಮನೆಯಿಂದಲೇ, "ಗಾದಿ ಹಾಕೂದಿದ್ರ ಅರಳಿ ಗಾದಿ ಹಾಕ್ರಿ, ಇಲ್ಲಂದ್ರ ನನ್ನ ಕರೀಬ್ಯಾಡ್ರಿ" ಎಂದರು. ಅಂದರೆ ಹೆಂಗಸು ಕಿವಿ ಕೊಟ್ಟಿದ್ದಾರೆ! ಮಾವ ನನ್ನ ಮುಖ ನೋಡಿದರು, ನಾನು ಮಾವನ ಮುಖ ನೋಡಿದೆ. ಅವರ ಕಡೆ ಅರಳಿ ಎಂದರೆ ಹತ್ತಿ. ಹತ್ತಿ ಹಿಂಜುವವನನ್ನು ಕರೆಸಿದೆವು. ಮೂರು ಬಗೆಯ ಫೋಮ್ ಗೋದಾಮಿನಲ್ಲಿಟ್ಟುಕೊಂಡ ನಾನು ನೆಂಟರ ಮನೆಯಂಗಳದಲ್ಲಿ ನಿಂತು ಅವನ ಬಿಲ್ಲಿನ ಟೊಂಯ್ ಟೊಂಯ್ ಕೇಳುತ್ತಾ ಮೂಗಿನ ತುಂಬ ಹತ್ತಿ ತುಂಬಿಸಿಕೊಂಡೆ. ಲೋಡುಗಳನ್ನು ಮಾತ್ರ ನಾನೇ ಮಾಡಿದೆ. ಅವರ ಕಡೆ ಗಾದಿಯ ಮೇಲೆ ಒರಗಿಕೊಳ್ಳಲು ಇಡುವ ಉದ್ದನೆಯ ದುಂಡು ದಿಂಬುಗಳು. ಒಳಗೆ ಗುಟ್ಟಾಗಿ ಫೋಮಿನ ಚೂರು ತುಂಬಿದೆ. ಅಷ್ಟಾದರೂ ಕಸುಬಿನ ಮರ್ಯಾದೆ ಬೇಡವೇ? ಹೊರಕ್ಕೆ ಬಾಗಿದ ದೋಣಿಯ ಗೋಡೆಗೂ ಬೆನ್ನಿಗೂ ನಡುವೆ ಲೋಡು ಸರಿಯಾಗಿ ಹೊಂದಿಕೊಂಡಿತು. ದೋಣಿ ವಾಲಿದರೆ ಇನ್ನೊಂದನ್ನು ತೊಡೆಗೆ ಒತ್ತಾಗಿ ಇಟ್ಟುಕೊಂಡರೆ ಜಾರುವ ಭಯವಿಲ್ಲ.

ಅತ್ತೆ ಬಂದರು. ಚಪ್ಪಲಿ ಬಿಟ್ಟು ಹತ್ತಿದರು. ಕೂತರು, ಕಾಲು ಮಡಚಿದರು, ಲೋಡು ಎಳೆದುಕೊಂಡರು. ನಾನು ಜ್ಯಾಕ್ ತಿರುಗಿಸಿದೆ. ದೋಣಿ ವಾಲಿತು, ಅತ್ತೆ ವಾಲಲಿಲ್ಲ. ಮಾವ ಹೊರಗೆ ನಿಂತು ಉಗುರು ಕಚ್ಚುತ್ತಿದ್ದರು. ಬಹಳ ಹೊತ್ತಾದ ಮೇಲೆ ಒಳಗಿನಿಂದ, "ಎಲ್ಲಿಗಿ ಹೋಗೂದು?" ಎಂಬ ಪ್ರಶ್ನೆ ಬಂತು. ಜ್ಯೂಸಿನವನಿಗೆ ಅವತ್ತೇ ಫೋನು ಹೋಯಿತು.

ಎಲ್ಲಿಗೆ ಹೋಗುವುದು ಎನ್ನುವುದು ಸಣ್ಣ ಪ್ರಶ್ನೆಯಾಗಿರಲಿಲ್ಲ. ಮಾವನ ಕಣ್ಣು ಬೆಳ್ಳಂದೂರು ಕೆರೆಯ ಮೇಲಿತ್ತು, ವಿಶಾಲವಾಗಿದೆ ಎಂದು. ಏರಿಯ ಮೇಲೆ ನಿಂತು ಒಂದು ಸಲ ಉಸಿರೆಳೆದುಕೊಂಡ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಆಟೋ ಹತ್ತಿದರು. ಕೊನೆಗೆ ಅತ್ತಿಬೆಲೆಯಿಂದಾಚೆ ಒಂದು ತುಂಬಿದ ಕೆರೆ ಸಿಕ್ಕಿತು. ಯಾವ ಕೆರೆ ಎಂದು ಹೇಳುವುದಿಲ್ಲ. ನಾವು ಅನುಮತಿ ಕೇಳಿದ್ದು ಏರಿಯ ಮೇಲೆ ಎಮ್ಮೆ ಮೇಯಿಸುತ್ತಿದ್ದ ಅಜ್ಜನನ್ನು ಮಾತ್ರ.

ಒಂದು ಭಾನುವಾರ ಬೆಳಿಗ್ಗೆ ಟ್ರ್ಯಾಕ್ಟರಿನ ಹಿಂದೆ ದೋಣಿ ಕಟ್ಟಿಕೊಂಡು ಹೊಸೂರು ರಸ್ತೆಯಲ್ಲಿ ಹೋದೆವು. ದೋಣಿಗೆ ಊರವರೇ ಕೈ ಹಚ್ಚಿ ನೀರಿಗಿಳಿಸಿದರು. ಅತ್ತೆ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಚಹಾದ ಫ್ಲಾಸ್ಕು ಸಮೇತ ಒಳಗೆ ಇಳಿದು ಗಾದಿಯ ಮೇಲೆ ಪ್ರತಿಷ್ಠಾಪಿತರಾದರು. ಮಾವ ಟೋಪಿ ಹಾಕಿಕೊಂಡು ಚುಕ್ಕಾಣಿ ಹಿಡಿದರು. ಹಾಯಿ ಬಿಚ್ಚಿದರು. ಅದು ಉಬ್ಬಿತು, ದೋಣಿ ಹೊರಟಿತು! ಗಿರಿಜ ನನ್ನ ಕೈ ಹಿಡಿದುಕೊಂಡು ಎಳೆ ಹುಡುಗಿಯ ಹಾಗೆ ಕುಣಿದಳು. ನನಗೂ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ.

ಕೆರೆಯ ನಟ್ಟನಡುವೆ ಹೋಗುವಷ್ಟರಲ್ಲಿ ಗಾಳಿ ನಿಂತಿತು. ಒಂದು ಎಲೆ ಅಲುಗಲಿಲ್ಲ. ಹಾಯಿ ಒಗೆದು ಹಾಕಿದ ಪಂಚೆಯ ಹಾಗೆ ಜೋತುಬಿತ್ತು. ಮೊದಲು ನಗು ಬಂತು, ಹೊತ್ತು ಏರಿದ ಹಾಗೆ ನಗು ಇಳಿಯಿತು. ನಾವು ಏರಿಯ ಮೇಲೆ ಹುಣಸೆಮರದ ನೆರಳಲ್ಲಿ ಚಿತ್ರಾನ್ನ ತಿಂದು ಮುಗಿಸಿ ನೋಡುತ್ತೇವೆ, ಚುಕ್ಕಾಣಿಯ ಹತ್ತಿರ ಮಾವ ಇಲ್ಲ! ಹಾಯಿಯೂ ಕಾಣುತ್ತಿಲ್ಲ. ಬರೀ ಕಂಬ, ಅದರ ಕೆಳಗೆ ಅಲುಗಾಡದ ದೋಣಿ. ಕೂಗಿದೆವು, ಉತ್ತರವಿಲ್ಲ. ಗಿರಿಜಳ ಮುಖ ಬಿಳಿಚಿತು. "ಅಪ್ಪನಿಗೆ ಬಿಸಿಲು ಬಡೀತೇನ್ರೀ? ಅವ್ವಗೆ ಈಜೂ ಬರಲ್ಲ... ಏನಾದ್ರೂ ಮಾಡ್ರಿ!" ಎಂದು ಅಳುವುದಕ್ಕೆ ಶುರುಮಾಡಿದಳು. ಆ ಗಾದಿ, ಆ ಲೋಡು, ಎಲ್ಲ ನನ್ನ ಏರ್ಪಾಟು. ಅದನ್ನು ಮಾಡದಿದ್ದರೆ ಆ ಹೆಂಗಸು ಈಗ ಮನೆಯಲ್ಲಿ ಸುಖವಾಗಿ ಟೀವಿ ನೋಡಿಕೊಂಡಿರುತ್ತಿದ್ದರು.

ಆಚೆ ದಡದಲ್ಲಿ ಮೀನು ಹಿಡಿಯುವವನೊಬ್ಬ ತೆಪ್ಪ ಇಟ್ಟುಕೊಂಡು ಕೂತಿದ್ದ. ಓಡಿಹೋಗಿ ಅವನ ಕೈಕಾಲು ಹಿಡಿದೆ. "ಇಂಜಿನ್ ಇಲ್ದಿರಾ ದೋಣಿ ತಕ್ಕಂಡು ಅಂಗೆ ನಡುಮದ್ಯಕ್ಕೆ ಓಗ್ತಾರಾ ಸಾರ್? ಓದ್ದೋರು ನೀವು" ಎಂದು ಬೈಯುತ್ತಲೇ ನನ್ನನ್ನು ಹತ್ತಿಸಿಕೊಂಡ. ತೆಪ್ಪದಲ್ಲಿ ಸೀಟಿಲ್ಲ, ನೀರು ನಿಂತ ತಳದಲ್ಲಿ ಕುಕ್ಕರುಗಾಲಲ್ಲಿ ಕೂತೆ. ಅವನು ಹುಟ್ಟು ಹಾಕುತ್ತಾ ಏದುಸಿರು ಬಿಡುತ್ತಿದ್ದ. ತೆಪ್ಪ ಮುಂದಕ್ಕೆ ಹೋಗುವ ಬದಲು ಗಿರಗಿರ ತಿರುಗಿ ಹಿಂದಕ್ಕೆ ಬರುತ್ತಿತ್ತು. "ಥೂ ಇದರವ್ವನ, ಈ ಗಾಳಿ ಒಂದು ಎದುರ್ಗೇ ಒಡೀತೈತೆ" ಎಂದ. ಆಗ ನನಗೂ ಗೊತ್ತಾಯಿತು, ಮುಖಕ್ಕೆ ಗಾಳಿ ರಪರಪ ಬಡಿಯುತ್ತಿತ್ತು. ಕೆರೆಯ ತುಂಬ ಸಣ್ಣ ಅಲೆ ಎದ್ದಿತ್ತು.

ದೋಣಿ ಹತ್ತಿರವಾಯಿತು. ಹಾಯಿ ಬಿದ್ದಿರಲಿಲ್ಲ, ಯಾರೋ ನೀಟಾಗಿ ಇಳಿಸಿ, ಸುತ್ತಿ, ಹಗ್ಗ ಬಿಗಿದು ಕಟ್ಟಿದ್ದರು. ಹಿಂದುಗಡೆ ಹಗ್ಗಕ್ಕೆ ಕಲ್ಲು ಕಟ್ಟಿ ನೀರಿಗೆ ಬಿಟ್ಟಿದ್ದರು. ಒಳಗಿನಿಂದ ಅತ್ತೆಯ ದನಿ ಕೇಳುತ್ತಿತ್ತು. ಜಗಳದ ದನಿಯಲ್ಲ. ನಿಧಾನವಾಗಿ, ಎಡೆಬಿಡದೆ ಹೇಳಿಕೊಂಡು ಹೋಗುತ್ತಿದ್ದ ದನಿ. "...ಗಿರಿಜಾನ ಜ್ವರ ಇಳೀಲಿಲ್ಲ. ಕೂಸಿನ್ನ ಹೆಗಲ ಮ್ಯಾಲ ಹಾಕ್ಕೊಂಡು ನಸಕಿನ್ಯಾಗ ದವಾಖಾನಿಗೆ ನಡಕೊಂಡ ಹೋದೆ. ನಿಮ್ಮ ಬಸ್ಸು ಎದುರಿಗೆ ಬಂತು. ನೀವು ಕಿಡಕಿಗೆ ತಲಿ ಹಚ್ಚಿ ನಿದ್ದಿ ಮಾಡಾಕತ್ತಿದ್ರಿ. ಎಬ್ಬಸಬಾರ್ದು ಅಂತ ನಾ ಕೂಗಲಿಲ್ಲ." "ಆಮ್ಯಾಲ?" ಎಂದರು ಮಾವ.

ನಾನು ಗೂಡಿನ ಬಾಗಿಲಿಗೆ ಮುಖ ಚಾಚಿದೆ. ಮಾವ ಟೋಪಿ ತೆಗೆದಿಟ್ಟು ಅತ್ತೆಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಲೋಡು ತಬ್ಬಿಕೊಂಡಿದ್ದರು. ಕಣ್ಣು ಕೆಂಪಾಗಿದ್ದವು. ರೊಟ್ಟಿಯ ಗಂಟು ಬಿಚ್ಚಿಯೇ ಇರಲಿಲ್ಲ. "ಮಾವ, ಗಾಳಿ ಬಂದಿದೆ, ಹಾಯಿ ಎತ್ತಬಹುದು" ಅಂದೆ. ಮಾವ ನನ್ನ ಕಡೆ ತಿರುಗಲೂ ಇಲ್ಲ.

ಅತ್ತೆ ತಿರುಗಿದರು. ಕೂತಲ್ಲಿಂದ ಅಲುಗದೆ, ನಡುವೆ ಬಾಯಿ ಹಾಕಿದ ಹುಡುಗನನ್ನು ನೋಡುವ ಹಾಗೆ ನನ್ನನ್ನು ನೋಡಿದರು.

"ಯಾಕ ಬಂದ್ರಿ ಅಳಿಯಂದ್ರ? ಹೋಗ್ರಿ, ಹೋಗ್ರಿ. ನಾವು ಮಾತಿನ್ಯಾಗ ಗಿರಿಜಾನ್ನ ಇನ್ನೂ ಕನ್ನಡ ಸಾಲಿಗೇ ಹಚ್ಚಿಲ್ಲ."